ಆಟದ ಪಿರಿಯಡ್ ಗಣಿತಕ್ಕೆ ಬೇಡ: ಹತ್ತನೇ ತರಗತಿ ಮಕ್ಕಳ ಪರವಾಗಿ ಒಂದು ಬಹಿರಂಗ ಪತ್ರ

ಇವರಿಗೆ,
ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರು ಮತ್ತು ಶಾಲಾ ಆಡಳಿತ ಮಂಡಳಿಗಳ ಹಿರಿಯರು

ವಿಷಯ: ಹತ್ತನೇ ತರಗತಿ ಮಕ್ಕಳಿಗೆ ಆಟದ ಪಿರಿಯಡ್ ಮತ್ತು ಬಾಸ್ಕೆಟ್‌ಬಾಲ್ ಕೋರ್ಟ್ ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ನವನಗರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಪ್ರತಿ ವರ್ಷ ಶಾಲೆ ಶುರುವಾಗಿ ತಿಂಗಳೊಪ್ಪತ್ತಿನಲ್ಲಿ ಹತ್ತನೇ ತರಗತಿಯ ವೇಳಾಪಟ್ಟಿಯಲ್ಲಿ ಒಂದು ಬದಲಾವಣೆ ಆಗುತ್ತದೆ. ಆಟದ ಪಿರಿಯಡ್ ಇದ್ದ ಚೌಕದಲ್ಲಿ ಗಣಿತ ಎಂದು ಬರೆದಿರುತ್ತಾರೆ. ಇಲ್ಲವೇ ವಿಜ್ಞಾನ. ನಾನು ಮಾತಾಡಿಸಿದ ಬೇರೆ ಶಾಲೆಗಳ ಶಿಕ್ಷಕರೂ ಇದನ್ನೇ ಹೇಳುತ್ತಾರೆ. ಯಾರೂ ಆದೇಶ ಮಾಡಿರುವುದಿಲ್ಲ, ಯಾರೂ ಕೇಳಿರುವುದಿಲ್ಲ. ಸುಮ್ನೆ ಆಗಿಬಿಡುತ್ತದೆ. ಮಕ್ಕಳಿಂದ ತೆಗೆದುಕೊಂಡ ಆ ನಲವತ್ತು ನಿಮಿಷ ಬಂದು ಸೇರುವುದು ನನ್ನಂಥವರ ಕೈಗೆ. ಅದಕ್ಕೇ ಈ ಪತ್ರವನ್ನು ಪಿಟಿ ಸರ್ ಬರೆಯುವುದಕ್ಕಿಂತ ನಾನು ಬರೆಯುವುದು ಸರಿ ಅನ್ನಿಸಿತು. ಆ ಪಿರಿಯಡ್ ನನಗೆ ಬೇಡ. ದಯವಿಟ್ಟು ಮಕ್ಕಳಿಗೇ ಬಿಟ್ಟುಕೊಡಿ.

ಗಣಿತದ ಶಿಕ್ಷಕಿಗೆ ಬಾಸ್ಕೆಟ್‌ಬಾಲ್ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಹುಡುಗಿಯರ ತಂಡ ತಾಲೂಕು, ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೊರಟಾಗ ಜೊತೆಗೆ ಒಬ್ಬ ಶಿಕ್ಷಕಿ ಹೋಗಬೇಕು. ನಮ್ಮಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ನೀರಿನ ಕ್ಯಾನು, ಬುತ್ತಿ, ಬಸ್ ಚಾರ್ಜು, ಮನೆಯವರಿಗೆ ಫೋನು, ಇವೆಲ್ಲ ನನ್ನ ಜವಾಬ್ದಾರಿ. ಆಮೇಲೆ ಅಂಕಿ ಬರೆಯುವವರು ನೀವೇ ಅಲ್ವಾ ಎಂದು ಸ್ಕೋರ್ ಶೀಟೂ ಕೊಟ್ಟರು. ಸ್ಕೋರ್ ಬರೆಯುವವರು ಕಣ್ಣು ಆಚೀಚೆ ಹಾಕುವಂತಿಲ್ಲ. ಯಾರು ಹಾಕಿದರು, ಯಾರು ತಪ್ಪು ಮಾಡಿದರು, ಯಾರದು ಎಷ್ಟನೇ ಫೌಲ್, ಎಲ್ಲ ಗುರುತು ಹಾಕಬೇಕು. ಹಾಗೆ ನೋಡುತ್ತಾ ಹೋದಾಗ ತರಗತಿಯಲ್ಲಿ ಕಾಣದ ಮಕ್ಕಳು ನನಗೆ ಅಲ್ಲಿ ಕಂಡರು.

ನಮ್ಮದು ಆಟ ಗೊತ್ತಿಲ್ಲದ ಸೀಮೆ ಅಲ್ಲ. ಮುಧೋಳ, ಜಮಖಂಡಿ ಕಡೆ ಕುಸ್ತಿ ಇದೆ. ತುಳಸಿಗೇರಿಯ ಮಲ್ಲಕಂಬ ಇದೆ. ಸೈಕಲ್ ರೇಸ್ ಅಂದರೆ ರಾಜ್ಯದವರೆಲ್ಲ ಬಾಗಲಕೋಟೆ, ವಿಜಯಪುರದ ಕಡೆ ನೋಡುತ್ತಾರೆ. ಗರಡಿಗೆ ಇಳಿಯುವ ಹುಡುಗ ಮೊದಲು ಮಣ್ಣು ಮುಟ್ಟಿ ನಮಸ್ಕಾರ ಮಾಡುತ್ತಾನೆ. ಮೈ ತಿದ್ದುವ ಜಾಗದಲ್ಲೇ ನಡತೆಯೂ ತಿದ್ದುತ್ತದೆ ಎಂದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಸ್ಕೆಟ್‌ಬಾಲ್ ಹೊರಗಿನಿಂದ ಬಂದ ಆಟ, ನಿಜ. ಆದರೆ ಅದು ಹುಟ್ಟಿದ್ದು ಒಬ್ಬ ಮಾಸ್ತರರ ಕೈಯಲ್ಲಿ, ಶಾಲೆಯ ತೊಂದರೆಯೊಂದನ್ನು ಬಗೆಹರಿಸಲಿಕ್ಕೆ. 1891ರ ಡಿಸೆಂಬರ್. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಎಂಬ ಊರು. ಹೊರಗೆ ಆಡಲಾಗದಂಥ ಚಳಿಗಾಲ, ಒಳಗೆ ಯಾರ ಮಾತೂ ಕೇಳದ ಒಂದು ತರಗತಿ. ದೈಹಿಕ ಶಿಕ್ಷಣ ಕಲಿಸುತ್ತಿದ್ದ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರಕ್ಕೆ ಕಟ್ಟಿಸಿ, 13 ನಿಯಮ ಬರೆದು ಗೋಡೆಗೆ ಅಂಟಿಸಿದರು.

ಆ ನಿಯಮಗಳಲ್ಲಿ ಎರಡು ಯೋಚನೆಗಳು ನನಗೆ ಬಹಳ ದೊಡ್ಡವು ಅನ್ನಿಸುತ್ತವೆ. ಚೆಂಡು ಹಿಡಿದು ಓಡುವಂತಿಲ್ಲ. ಹಾಗಾಗಿ ಗಟ್ಟಿಮುಟ್ಟಾದ ಒಬ್ಬನೇ ಎಲ್ಲರನ್ನೂ ದೂಡಿಕೊಂಡು ಹೋಗಲಾರ, ಪಕ್ಕದವರಿಗೆ ಕೊಡಲೇಬೇಕು. ಇನ್ನೊಂದು, ಗುರಿಯನ್ನು ತಲೆಯ ಮೇಲೆ ಇಟ್ಟಿದ್ದು. ಬಲ ಹಾಕಿ ಒಗೆದರೆ ಚೆಂಡು ಬುಟ್ಟಿಗೆ ಬೀಳುವುದಿಲ್ಲ, ಹದವಾಗಿ ಎತ್ತಿ ಬಿಡಬೇಕು. ಜೋರು ಮಾಡುವವರಿಗಿಂತ ಹದ ಬಲ್ಲವರಿಗೆ ಹೆಚ್ಚು ಬೆಲೆ ಸಿಗಲಿ ಎಂದೇ ಕಟ್ಟಿದ ಆಟ ಇದು. ಮರುವರ್ಷ, 1892ರಲ್ಲೇ, ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಇದನ್ನು ಕಲಿಸಿದರು. ಆಟ ಹುಟ್ಟಿದ ಚಳಿಗಾಲದ ಬೆನ್ನಿಗೇ ಹುಡುಗಿಯರ ಕೈಗೆ ಚೆಂಡು ಸಿಕ್ಕಿತ್ತು. ನಮ್ಮ ಹುಡುಗಿಯರ ಕೈಯಿಂದ ನಾವು ಅದನ್ನು ಹತ್ತನೇ ತರಗತಿಯಲ್ಲಿ ಕಿತ್ತುಕೊಳ್ಳುತ್ತಿದ್ದೇವೆ.

ಕಲಿಕೆಯ ಮಾತಿಗೆ ಬರುತ್ತೇನೆ. ನನ್ನ ವಿಷಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ.

ಬುಟ್ಟಿಯ ಜಾಗದಲ್ಲಿ ಈಗ ಇರುವ ಕಬ್ಬಿಣದ ರಿಂಗಿನ ಒಳ ವ್ಯಾಸ 45 ಸೆಂಟಿಮೀಟರ್. ಹುಡುಗಿಯರು ಆಡುವ 6ನೇ ಸೈಜಿನ ಚೆಂಡಿನ ವ್ಯಾಸ ಸುಮಾರು 23. ನೆಟ್ಟಗೆ ಮೇಲಿನಿಂದ ಬಿದ್ದರೆ ಧಾರಾಳ ಜಾಗ. ಆದರೆ ಚೆಂಡು ಬರುವುದು ಓರೆಯಾಗಿ. ಆಗ ಅದಕ್ಕೆ ಸಿಗುವ ರಿಂಗಿನ ಬಾಯಿ ಕಿರಿದಾಗುತ್ತದೆ. ಎಷ್ಟು ಸಿಗುತ್ತದೆ? 45ನ್ನು ಇಳಿಯುವ ಕೋನದ ಸೈನ್‌ನಿಂದ ಗುಣಿಸಿದಷ್ಟು. 30 ಡಿಗ್ರಿಯಲ್ಲಿ ಇಳಿದರೆ ಸೈನ್ 30 ಅಂದರೆ ಅರ್ಧ, ಸಿಗುವುದು 22.5 ಸೆಂಟಿಮೀಟರ್. 23ರ ಚೆಂಡು ಅದರಲ್ಲಿ ತೂರುವುದಿಲ್ಲ, ರಿಂಗಿಗೆ ಬಡಿದು ಹೊರಗೆ ಬರುತ್ತದೆ. 45 ಡಿಗ್ರಿಯಲ್ಲಿ ಇಳಿದರೆ ಸುಮಾರು 31.8, 60 ಡಿಗ್ರಿಯಲ್ಲಿ ಸುಮಾರು 39. ಪಿಟಿ ಸರ್ ದಿನವೂ "ಎತ್ತಿ ಒಗೀರಿ, ಕಮಾನು ಬರಲಿ" ಎಂದು ಕೂಗುವುದರ ಕಾರಣ ಇಷ್ಟೇ. ಇದನ್ನು ನಾನು ಕೋರ್ಟಿನಲ್ಲಿ ನಿಂತು, ರಿಂಗಿನ ಅಳತೆಯ ತಂತಿಯ ಬಳೆಯೊಂದನ್ನು ಕೈಯಲ್ಲಿ ಓರೆ ಹಿಡಿದು ತೋರಿಸಿದೆ. ತ್ರಿಕೋನಮಿತಿ ಅಂದರೆ ಪಟ್ಟಿ ಬಾಯಿಪಾಠ ಮಾಡುವುದು ಎಂದುಕೊಂಡಿದ್ದ ಒಬ್ಬ ಹುಡುಗಿ ನನ್ನ ಕೈಯಿಂದ ಬಳೆ ಇಸಿದುಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು, ಮೆಲ್ಲಗೆ ವಾಲಿಸುತ್ತಾ ನೋಡಿದಳು. ಬಾಯಿ ಕಿರಿದಾಗುತ್ತಾ ಹೋಗಿ ಕೊನೆಗೆ ಒಂದು ಗೆರೆ ಆಯಿತು. "ಅಕ್ಕೋರ, ಇದು ಸೈನ್ ಸೊನ್ನೆ ಅಲ್ರೀ?" ಎಂದಳು. ಆ ಪ್ರಶ್ನೆ ಬೋರ್ಡಿನ ಮುಂದೆ ಯಾವ ಮಗುವಿನ ಬಾಯಿಂದಲೂ ನಾನು ಕೇಳಿರಲಿಲ್ಲ.

ಬೋರ್ಡಿನ ಮೇಲೂ ಇದನ್ನು ಹೇಳಬಹುದಲ್ಲ ಎಂದರೆ, ಹೇಳಬಹುದು, ಹೇಳುತ್ತೇನೆ ಕೂಡ. ಆದರೆ ದಿನಾ ಚೆಂಡು ಎತ್ತಿ ಒಗೆದ ಮಗುವಿಗೆ ಆ ಲೆಕ್ಕ ಮೊದಲೇ ಕೈಯಲ್ಲಿ ಇರುತ್ತದೆ. ನಾನು ಅದಕ್ಕೆ ಹೆಸರು ಕೊಟ್ಟರೆ ಸಾಕು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಗಣಿತದಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಬುದ್ಧಿ ಕಡಿಮೆ ಇರುವುದಿಲ್ಲ. ಒಂದು ಲೆಕ್ಕ ತಪ್ಪಿದರೆ ಅವರು ಅಲ್ಲೇ ಕುಸಿದುಬಿಡುತ್ತಾರೆ. ಪರೀಕ್ಷೆಯಲ್ಲಿ ಮೂರನೇ ಪ್ರಶ್ನೆ ಬರಲಿಲ್ಲವೆಂದು ಹತ್ತನೆಯದನ್ನೂ ಕೆಡಿಸಿಕೊಳ್ಳುತ್ತಾರೆ. ಬಾಸ್ಕೆಟ್‌ಬಾಲ್‌ನಲ್ಲಿ ಕುಸಿಯಲಿಕ್ಕೆ ಪುರುಸೊತ್ತೇ ಇಲ್ಲ. ನೀವು ಒಗೆದ ಚೆಂಡು ತಪ್ಪಿತೋ, ಎದುರಿನವರು ಅದನ್ನು ಹಿಡಿದು ನಿಮ್ಮ ರಿಂಗಿನ ಕಡೆ ಓಡುತ್ತಿರುತ್ತಾರೆ. ನೀವೂ ತಿರುಗಿ ಓಡಬೇಕು, ಆ ಕ್ಷಣವೇ. ಚೆಂಡು ಸಿಕ್ಕರೆ 24 ಸೆಕೆಂಡಿನೊಳಗೆ ಪ್ರಯತ್ನ ಮಾಡಬೇಕು. ತಾಲೂಕು ಮಟ್ಟದಲ್ಲಿ ಅದನ್ನು ತೋರಿಸುವ ಗಡಿಯಾರ ಎಲ್ಲಿಂದ ಬರಬೇಕು? ಅಭ್ಯಾಸದಲ್ಲಿ ನಮ್ಮ ಪಿಟಿ ಸರ್ ಬಾಯಲ್ಲೇ ಎಣಿಸುತ್ತಾರೆ. ಆ ಎಣಿಕೆಯೊಳಗೆ ನೋಡಬೇಕು, ನಿರ್ಧರಿಸಬೇಕು, ತಪ್ಪಾದರೆ ಬಿಟ್ಟು ಮುಂದಕ್ಕೆ ಹೋಗಬೇಕು. ಸಂಜೆ ಸಂಜೆ ಇದನ್ನೇ ಮಾಡಿದ ಮಕ್ಕಳು ಪ್ರಶ್ನೆಪತ್ರಿಕೆಯ ಮುಂದೆ ಕೂತಾಗ ಅವರ ಮುಖ ಬೇರೆ ಇರುತ್ತದೆ. ಕೊಠಡಿ ಮೇಲ್ವಿಚಾರಣೆ ಮಾಡಿದವರು ಯಾರಾದರೂ ಇದನ್ನು ಗಮನಿಸಿರುತ್ತಾರೆ.

ಫೌಲಿನ ವಿಷಯ ಹೇಳಲೇಬೇಕು. ಒಬ್ಬ ಆಟಗಾರನಿಗೆ ಐದು ಫೌಲ್ ಆದರೆ ಅವನು ಹೊರಗೆ. ಒಂದು ಕ್ವಾರ್ಟರ್‌ನಲ್ಲಿ, ಅಂದರೆ ಪಂದ್ಯದ ಕಾಲು ಭಾಗದಲ್ಲಿ, ತಂಡಕ್ಕೆಲ್ಲ ಸೇರಿ ನಾಲ್ಕು ದಾಟಿದರೆ ಎದುರಿನವರಿಗೆ ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಒಗೆಯುವ ಅವಕಾಶ, ಸಿಗುತ್ತದೆ. ಒಬ್ಬನ ಸಿಟ್ಟಿನ ದಂಡ ಕೋರ್ಟಿನಲ್ಲಿರುವ ತಂಡದ ಐವರೂ ಕಟ್ಟಬೇಕು. ಫೌಲ್ ಮಾಡಿದವರು ಕೈ ಎತ್ತಿ ಒಪ್ಪಿಕೊಳ್ಳುವ ಹಳೆಯ ರೂಢಿ ಒಂದಿತ್ತು. ಈಗ ಅದು ಕಡ್ಡಾಯ ಇಲ್ಲ, ಆದರೆ ನಮ್ಮ ಸರ್ ಬಿಟ್ಟಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇದ್ದ ಒಬ್ಬ ಹುಡುಗ ಮೊದಮೊದಲು ರೆಫರಿ ಜೊತೆ ಜಗಳಕ್ಕೇ ನಿಲ್ಲುತ್ತಿದ್ದ. ಹೊರಗೆ ಕೂತು ತನ್ನ ತಂಡ ಸೋಲುವುದನ್ನು ನೋಡಿದ. ಆಮೇಲಾಮೇಲೆ ಸೀಟಿ ಊದಿದ ಕೂಡಲೇ ತಾನಾಗಿ ಕೈ ಎತ್ತತೊಡಗಿದ. ಅದೇ ಹುಡುಗ ಒಂದು ದಿನ ನೋಟ್‌ಬುಕ್ ತಂದು, "ಇದು ನಾನು ಮಾಡಿದ್ದಲ್ಲ ಅಕ್ಕೋರ, ಗೆಳೆಯಂದು ನೋಡಿ ಬರ್ಕೊಂಡೀನಿ, ನನಗ ತಿಳೀಲಿಲ್ಲ" ಎಂದ. ಯಾರೂ ಕೇಳಿರಲಿಲ್ಲ. ನೀತಿಪಾಠದ ಯಾವ ಪುಸ್ತಕವೂ ಆ ಹುಡುಗನಿಂದ ಈ ಮಾತು ಹೊರಡಿಸುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಇನ್ನೊಬ್ಬಳು ಹುಡುಗಿ. ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದ ಮನೆಯವಳು. ಹಾಜರಿ ಕರೆದರೆ ದನಿ ಕೇಳಿಸುತ್ತಿರಲಿಲ್ಲ. ಆಟದಲ್ಲಿ ಅವಳನ್ನು ಪಾಯಿಂಟ್ ಗಾರ್ಡ್ ಮಾಡಿದರು. ಆ ಜಾಗದಲ್ಲಿ ಆಡುವವರು ಬಾಯಿ ಬಿಡಲೇಬೇಕು. ಯಾರು ಎಲ್ಲಿ ನಿಲ್ಲಬೇಕು, ಯಾರನ್ನು ಹಿಡಿಯಬೇಕು, ಚೆಂಡು ಯಾರಿಗೆ, ಎಲ್ಲ ಕೂಗಿ ಹೇಳಬೇಕು. ಕೆಲವೇ ತಿಂಗಳಲ್ಲಿ ಅವಳ ಕೂಗು ಸ್ಟಾಫ್ ರೂಮಿನವರೆಗೂ ಕೇಳಿಸತೊಡಗಿತು. ಆಮೇಲೆ ತರಗತಿಯಲ್ಲಿ ಕೈ ಎತ್ತಿದಳು. "ಆ ಸ್ಟೆಪ್ ಇನ್ನೊಮ್ಮೆ ಹೇಳ್ರಿ" ಎಂದಳು. ಅವಳು ಕೇಳಿದ ಮೇಲೆ ಹಿಂದಿನ ಬೆಂಚಿನ ಇನ್ನೂ ನಾಲ್ಕು ಜನ ಕೇಳಿದರು.

ಹತ್ತನೇ ತರಗತಿಗೆ ಬಂದ ಕೂಡಲೇ ಅವಳ ತಂದೆ ಶಾಲೆಗೆ ಬಂದರು. "ಅಕ್ಕೋರ, ಹತ್ತನೇ ಇಯತ್ತೆ ಐತ್ರಿ. ಆಟ ಆಡ್ಕೋತ ಕುಂತ್ರ ಓದೂದು ಯಾವಾಗ್ರಿ?" ಎಂದು ಕೇಳಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಹೊಲ ಹೋದ ಮನೆಗೆ ಮಗಳ ಅಂಕಪಟ್ಟಿಯೇ ಆಸ್ತಿ. ಅವರ ಮೇಲೆ ನನಗೆ ದೂರಿಲ್ಲ. ನನ್ನ ದೂರು ಇರುವುದು, ಅವರು ಆ ಮಾತು ಹೇಳುವ ಮೊದಲೇ ಶಾಲೆ ಅದನ್ನು ಹೇಳಿಬಿಟ್ಟಿತ್ತಲ್ಲ, ಅದರ ಮೇಲೆ. ಪೋಷಕರ ಸಭೆಯಲ್ಲಿ ವೇದಿಕೆಯಿಂದಲೇ, ಈ ವರ್ಷ ಆಟ ಬಂದ್ ಎಂದು ಘೋಷಿಸಿದ್ದರು. ಚಪ್ಪಾಳೆಯೂ ಬಿತ್ತು.

ಆಟ ಬಂದ್ ಮಾಡಿದ್ದರಿಂದ ಅಂಕ ಏರಿದ್ದನ್ನು ನಾನಂತೂ ಕಂಡಿಲ್ಲ. ಕಂಡದ್ದು ಮಧ್ಯಾಹ್ನದ ಮೇಲೆ ತೂಕಡಿಸುವ ಮಕ್ಕಳನ್ನು. ಬಾಸ್ಕೆಟ್‌ಬಾಲ್ ಆಡಿದವರೆಲ್ಲ 625ಕ್ಕೆ 600 ತೆಗೆಯುತ್ತಾರೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ 5ರಿಂದ 17 ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ವಾರಕ್ಕೆ ಸಿಗುವ ಒಂದೆರಡು ಪಿರಿಯಡ್ಡನ್ನೂ ಕಿತ್ತುಕೊಂಡು, ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಟ್ಯೂಷನ್ನು ಎಂದು ಕೂರಿಸುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎನ್ನುತ್ತದೆ. ಆ ಕಾಯ್ದೆ ಎಂಟನೇ ತರಗತಿಗೆ ನಿಲ್ಲುತ್ತದೆ, ಸರಿ. ಆಮೇಲೆ ಮಕ್ಕಳಿಗೆ ಕೈಕಾಲು ಇರುವುದಿಲ್ಲವೇ?

ಇನ್ನು ಕೋರ್ಟುಗಳ ಸ್ಥಿತಿ. ನಾನು ಕಂಡ ಶಾಲೆಗಳ ಹೆಸರು ಇಲ್ಲಿ ಬರೆಯುವುದಿಲ್ಲ, ಓದಿದವರಿಗೆ ತಮ್ಮದು ಯಾವುದೆಂದು ತಿಳಿಯುತ್ತದೆ. ಒಂದು ಕಡೆ ಕೋರ್ಟಿನ ಮೇಲೆ ಶಾಲಾ ಬಸ್ಸುಗಳು ನಿಲ್ಲುತ್ತವೆ. ಫ್ರೀ ಥ್ರೋ ಗೆರೆ ಇದ್ದ ಜಾಗದಲ್ಲಿ ಡೀಸೆಲ್ ಕಲೆ. ಇನ್ನೊಂದು ಕಡೆ ಸಮಾರಂಭದ ಶಾಮಿಯಾನಕ್ಕೆ ಗೂಟ ಹೊಡೆದು ಕಾಂಕ್ರೀಟು ಒಡೆದಿದೆ. ನಮ್ಮದು ಎರೆ ಮಣ್ಣು, ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಮೇಲಿನ ಹಾಸು ಒಮ್ಮೆ ಒಡೆದರೆ ಆ ಬಿರುಕು ಬೆಳೆಯುತ್ತಲೇ ಹೋಗುತ್ತದೆ. ಅದರಲ್ಲಿ ಕಾಲು ಸಿಕ್ಕಿ ಮಗುವಿನ ಹಿಮ್ಮಡಿ ತಿರುಚಿದ್ದನ್ನು ನಾನೇ ನೋಡಿದ್ದೇನೆ. ಮತ್ತೊಂದು ಶಾಲೆಯಲ್ಲಿ ಹೊಸ ಚೆಂಡುಗಳು ಬೀರುವಿನಲ್ಲಿ ಬೀಗ ಹಾಕಿ ಇವೆ. ತಪಾಸಣೆಗೆ ಬಂದವರಿಗೆ ತೋರಿಸಲಿಕ್ಕಂತೆ. ಮಕ್ಕಳು ಆಡುವುದು ಗೆರೆ ಗೆರೆ ಸವೆದು ನುಣ್ಣಗಾದ ಚೆಂಡಿನಲ್ಲಿ, ಬೆವರು ಕೈಯಿಂದ ಅದು ಜಾರುತ್ತದೆ.

ಪಿಟಿ ಸರ್‌ಗಳ ಪಾಡಂತೂ ಹೇಳಬಾರದು. ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ, ಚುನಾವಣೆ ಕೆಲಸ, ರಜೆ ಹಾಕಿದವರ ತರಗತಿ, ಎಲ್ಲಕ್ಕೂ ಅವರೇ. ಯಾಕೆಂದರೆ ಅವರಿಗೆ ಸಿಲೆಬಸ್ ಇಲ್ಲ ಎಂದು ನಾವು ತಿಳಿದುಕೊಂಡಿದ್ದೇವೆ.

ಆಟ ತಾನಾಗಿಯೇ ಮಕ್ಕಳನ್ನು ಒಳ್ಳೆಯವರನ್ನಾಗಿ ಮಾಡುತ್ತದೆ ಎಂಬ ಭ್ರಮೆ ನನಗಿಲ್ಲ. ಕಲಿಸುವವರ ಮೇಲೆ ಎಲ್ಲ ನಿಂತಿದೆ. 17ರ ಒಳಗಿನವರ ಪಂದ್ಯವೊಂದಕ್ಕೆ ಸ್ಕೋರ್ ಬರೆಯುತ್ತಿದ್ದೆ. ಎದುರು ತಂಡದ ಒಬ್ಬನ ಬಗ್ಗೆ ಅವನ ಊರಿನವರೇ, ಅವನು ಪಿಯುಸಿ ಮುಗಿಸಿದವನು ಎಂದರು. ಕಾಗದ ಮಾತ್ರ ಸರಿಯಾಗಿತ್ತು. ಆ ತಂಡ ಗೆದ್ದಿತು. ಕಪ್ ಹಿಡಿದು ಫೋಟೋಕ್ಕೆ ನಿಂತ ಉಳಿದ ಹುಡುಗರಿಗೆ ಅವತ್ತು ಅವರ ಶಾಲೆ ಏನು ಕಲಿಸಿತು? ಇನ್ನೊಮ್ಮೆ ಸೋತ ಹುಡುಗಿಯರನ್ನು ಅವರ ಸರ್ ಎಲ್ಲರೆದುರು ಬಾಯಿಗೆ ಬಂದಂತೆ ಬೈದರು. ಆ ತಂಡದ ಇಬ್ಬರು ಮರುವರ್ಷ ಆಟಕ್ಕೇ ಬರಲಿಲ್ಲ. ಇಂಥ ಆಟವನ್ನು ನಾನು ಕೇಳುತ್ತಿಲ್ಲ. ಕಪ್ಪಿಗಾಗಿ ಮಾತ್ರ ಆಡಿಸುವ ಶಾಲೆಯೂ ಅಂಕಕ್ಕಾಗಿ ಮಾತ್ರ ಓದಿಸುವ ಶಾಲೆಯೂ ಮಕ್ಕಳಿಗೆ ಒಂದೇ ತಪ್ಪು ಮಾಡುತ್ತಿವೆ.

ದೊಡ್ಡ ದೊಡ್ಡ ಹೆಸರುಗಳ ಆಸೆಯನ್ನೂ ನಾನು ತೋರಿಸುವುದಿಲ್ಲ. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಅಮೆರಿಕದ ಎನ್‌ಬಿಎ ಲೀಗ್‌ನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಆಯ್ಕೆಯಾದರು. 2017ರಲ್ಲಿ ನಮ್ಮ ದೇಶದ ಮಹಿಳೆಯರು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ಕಜಕಿಸ್ತಾನವನ್ನು ಸೋಲಿಸಿ ಏಷ್ಯಾ ಕಪ್‌ನ ಎರಡನೇ ದರ್ಜೆಯಾದ ಬಿ ಡಿವಿಜನ್ ಗೆದ್ದರು. ಸಂತೋಷದ ವಿಷಯವೇ. ಆದರೆ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮುಂದೆ ನರ್ಸ್ ಆಗುತ್ತಾರೆ, ಅಂಗಡಿ ಇಡುತ್ತಾರೆ, ಒಕ್ಕಲುತನ ಮಾಡುತ್ತಾರೆ, ಮಾಸ್ತರರಾಗುತ್ತಾರೆ. ಅವರಿಗಾಗಿಯೇ ನಾನು ಈ ಪತ್ರ ಬರೆಯುತ್ತಿರುವುದು.

ನನ್ನ ಕೋರಿಕೆಗಳು ದೊಡ್ಡವಲ್ಲ. ಹತ್ತನೇ ತರಗತಿಯ ಆಟದ ಪಿರಿಯಡ್ ಮಾರ್ಚ್ ಪರೀಕ್ಷೆಯ ಹೊಸ್ತಿಲವರೆಗೂ ಹಾಗೇ ಇರಲಿ. 17ರ ಒಳಗಿನ ತಂಡಕ್ಕೆ ಹತ್ತನೇ ತರಗತಿಯವರನ್ನು ಕಳಿಸಲು ಹಿಂದೆಮುಂದೆ ನೋಡಬೇಡಿ. ಪಂದ್ಯಗಳು ನಡೆಯುವುದು ಪರೀಕ್ಷೆಗೆ ತಿಂಗಳುಗಟ್ಟಲೆ ಮೊದಲು. ತಪ್ಪಿದ ಪಾಠವನ್ನು ತುಂಬಿಕೊಡುವುದು ನಮ್ಮ ಕೆಲಸ, ಮಾಡುತ್ತೇವೆ. ವಯಸ್ಸಿನ ದಾಖಲೆಗೆ ಸಹಿ ಹಾಕುವ ಮುನ್ನ ಮುಖ್ಯೋಪಾಧ್ಯಾಯರು ಆ ಮಗುವಿನ ಮುಖ ಒಮ್ಮೆ ನೋಡಲಿ.

ಕೋರ್ಟಿಗೆ ಬಹಳ ಜಾಗ ಬೇಕಿಲ್ಲ. 28 ಮೀಟರ್ ಉದ್ದ, 15 ಮೀಟರ್ ಅಗಲ, ಅಂದರೆ 420 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆಗಿಂತ ಸ್ವಲ್ಪ ಜಾಸ್ತಿ. ಎಕರೆಗಟ್ಟಲೆ ಆವರಣ ಇರುವ ಸಂಸ್ಥೆಗಳು ಬಸ್ಸಿಗೆ ಬೇರೆ ಜಾಗ ಮಾಡಬಹುದು. ಶಾಮಿಯಾನದ ಗೂಟವನ್ನು ಕೋರ್ಟಿನ ಹೊರಗೆ ಹೊಡೆಯಬಹುದು. ಬಿರುಕುಗಳನ್ನು ಬೇಸಿಗೆ ರಜೆಯಲ್ಲೇ ಮುಚ್ಚಿಸಿ. ಕೋರ್ಟ್ ಇರುವ ಶಾಲೆಯವರು ವಾರದಲ್ಲಿ ಎರಡು ಸಂಜೆ ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೂ ಗೇಟು ತೆಗೆಯಿರಿ. ಒಂದು ರಿಂಗಿನ ಕೆಳಗೆ ಮೂರು ಮೂರು ಜನರ ಆಟ ಆಡಿದರೆ ಒಂದೇ ಕೋರ್ಟಿನಲ್ಲಿ ಹನ್ನೆರಡು ಮಕ್ಕಳು ಆಡುತ್ತಾರೆ.

ಹುಡುಗಿಯರಿಗೆ ಬಟ್ಟೆ ಬದಲಿಸಲು ಚಿಲಕ ಇರುವ ಒಂದು ಕೋಣೆ ಕೊಡಿ. ಎಷ್ಟೋ ಹುಡುಗಿಯರು ಆಟ ಬಿಡುವುದು ಈ ಒಂದು ಕಾರಣಕ್ಕೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಚಡ್ಡಿ ಬೇಡ ಎನ್ನುವ ಮನೆಯ ಹುಡುಗಿಗೆ ಉದ್ದ ಪ್ಯಾಂಟಿನಲ್ಲಿ ಆಡಲು ಬಿಡಿ. ತಲೆ ಮುಚ್ಚಿಕೊಂಡು ಆಡಬಾರದು ಎಂಬ ಅಡ್ಡಿಯನ್ನು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವೇ 2017ರಲ್ಲಿ ತೆಗೆದುಹಾಕಿದೆ. ನಾವು ಅವರಿಗಿಂತ ಬಿಗಿಯಾಗುವುದು ಬೇಡ.

ಪಿಟಿ ಸರ್‌ಗೆ ಅವರ ಕೆಲಸ ಮಾಡಲು ಬಿಡಿ. ಸಂಜೆ ನಾಲ್ಕೂವರೆಯಿಂದ ಐದೂವರೆವರೆಗೆ ಅವರನ್ನು ಆಫೀಸಿಗೆ ಕರೆಯದಿದ್ದರೆ ಅಷ್ಟೇ ಸಾಕು.

ಪೋಷಕರು ಒಪ್ಪುವುದಿಲ್ಲ ಎಂಬ ಮಾತು ಬಂದೇ ಬರುತ್ತದೆ. ಅವರ ಜೊತೆ ಮಾತಾಡುವ ಹೊಣೆ ನನ್ನದು. ಜಿಲ್ಲೆಯ ಯಾವ ಶಾಲೆಯಿಂದ ಕರೆ ಬಂದರೂ ಪೋಷಕರ ಸಭೆಗೆ ಬರುತ್ತೇನೆ, ಭಾನುವಾರವಾದರೂ ಸರಿ. ಗಣಿತದಲ್ಲಿ ಹಿಂದಿರುವ ಮಕ್ಕಳಿಗೆ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನಮ್ಮ ಶಾಲೆಯಲ್ಲಿ ಅರ್ಧ ಗಂಟೆ ಹೇಳಿಕೊಡುತ್ತಿದ್ದೇನೆ, ಮುಂದೆಯೂ ಹೇಳಿಕೊಡುತ್ತೇನೆ. ಬೇರೆ ಶಾಲೆಗಳ ಗಣಿತ ಶಿಕ್ಷಕರು ಇದಕ್ಕೆ ಒಪ್ಪಿದರೆ ಅಭ್ಯಾಸದ ಹಾಳೆಗಳನ್ನು ನಾನೇ ತಯಾರಿಸಿ ಕಳಿಸುತ್ತೇನೆ. ನಿಮ್ಮ ಶಾಲೆಯ ಮೊದಲ ಪೋಷಕರ ಸಭೆ ಯಾವತ್ತು ಎಂಬುದನ್ನು ದಯವಿಟ್ಟು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ
ನವನಗರ, ಬಾಗಲಕೋಟೆ